ಚಳಿಗಾಲದಲ್ಲಿ ಮನೆಯ ಕೊಳಾಯಿಗಳ ರಕ್ಷಣೆ

ನಮ್ಮ ದೇಶದ ಬಹುಭಾಗದ ಜನರಿಗೆ ನೀರಿನ ಚಿಂತೆ ಎಂದರೆ ಬೇಸಿಗೆಯ ಚಿಂತೆ. ಬಾವಿ ಬತ್ತುವುದು, ಜಲಾಶಯದ ಮಟ್ಟ ಇಳಿಯುವುದು, ನಲ್ಲಿಯಲ್ಲಿ ನೀರು ಬಾರದೆ ಕೊಡಗಳು ಸಾಲುಗಟ್ಟುವುದು ಎಲ್ಲವೂ ಮಾರ್ಚಿ ತಿಂಗಳ ಅನಂತರದ ಮಾತು. ಆದರೆ ಹಿಮಾಲಯದ ಮಡಿಲಿನಲ್ಲಿರುವ ಲಡಾಖ್, ಕಾಶ್ಮೀರ, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಎತ್ತರದ ಊರುಗಳಲ್ಲಿ ನಲ್ಲಿಯ ನೀರು ನಿಂತುಹೋಗುವುದು ಕಡು ಚಳಿಯಲ್ಲಿ. ಅಲ್ಲಿ ನೀರು ಇಲ್ಲದೆ ಹೋಗುವುದಿಲ್ಲ. ಅದು ಕೊಳವೆಯೊಳಗೆ ಕಲ್ಲಾಗಿ ನಿಲ್ಲುತ್ತದೆ.

ಕೇಂದ್ರ ಸರ್ಕಾರದ ಕಚೇರಿಗಳು, ರಕ್ಷಣಾ ಪಡೆಗಳು, ಬ್ಯಾಂಕುಗಳು ಮತ್ತು ವಿದ್ಯಾಸಂಸ್ಥೆಗಳಲ್ಲಿ ದುಡಿಯುವ ಅನೇಕ ಕನ್ನಡಿಗರು ವರ್ಗಾವಣೆಯ ನಿಮಿತ್ತ ಈ ಪ್ರದೇಶಗಳಲ್ಲಿ ಸಂಸಾರ ಹೂಡಬೇಕಾಗುತ್ತದೆ. ಮುಂಬಯಿ, ಚೆನ್ನೈ ಅಥವಾ ಹೈದರಾಬಾದಿನಲ್ಲಿ ಬೆಳೆದವರಿಗೆ ಕೊಳಾಯಿ ಹೆಪ್ಪುಗಟ್ಟುವ ಅನುಭವ ಇರುವುದಿಲ್ಲ. ದೆಹಲಿಯ ಚಳಿಯನ್ನು ಕಂಡವರಿಗೂ ಇದು ಹೊಸದೇ. ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೇ 1935ರ ಜನವರಿ 16ರಂದು ಕಂಡ ಸೊನ್ನೆಗಿಂತ 0.6 ಡಿಗ್ರಿ ಸೆಲ್ಸಿಯಸ್ ಕೆಳಗಿನದು. ಅಷ್ಟು ಅಲ್ಪ ಶೈತ್ಯ ಕೆಲವು ಗಂಟೆಗಳ ಕಾಲ ಇದ್ದ ಮಾತ್ರಕ್ಕೆ ಮನೆಯ ಕೊಳವೆಗಳಿಗೆ ಧಕ್ಕೆಯಾಗುವುದಿಲ್ಲ.

ಶ್ರೀನಗರದ ಸ್ಥಿತಿ ಬೇರೆ. ಅಲ್ಲಿ 2021ರ ಜನವರಿ 14ರಂದು ಉಷ್ಣತೆಯು ಸೊನ್ನೆಗಿಂತ 8.4 ಡಿಗ್ರಿ ಕೆಳಗಿಳಿಯಿತು. 1991ರಿಂದ ಅಂದಿನವರೆಗೆ ಅಂತಹ ಚಳಿ ಅಲ್ಲಿ ದಾಖಲಾಗಿರಲಿಲ್ಲ. 2024ರ ಡಿಸೆಂಬರ್ 21ರಂದು ಅದು ಸೊನ್ನೆಗಿಂತ 8.5 ಡಿಗ್ರಿ ಕೆಳಗಿತ್ತು. ಡಿಸೆಂಬರ್ ತಿಂಗಳ ಮಟ್ಟಿಗೆ ಅದು ಐದು ದಶಕಗಳಲ್ಲೇ ಅತಿ ಶೀತಲವಾದ ರಾತ್ರಿ. ಎರಡೂ ಸಂದರ್ಭಗಳಲ್ಲಿ ದಾಲ್ ಸರೋವರದ ಮೇಲ್ಮೈಯೊಂದಿಗೆ ಮನೆಮನೆಯ ಕೊಳಾಯಿಗಳೂ ಹೆಪ್ಪುಗಟ್ಟಿದವು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಇದಕ್ಕಿಂತಲೂ ಕಠಿನವಾದ ಚಳಿ ಪ್ರತಿ ವರ್ಷದ ವಾಡಿಕೆ.

ನೀರಿನ ವಿಶೇಷ ಗುಣ

ಬಹುತೇಕ ಪದಾರ್ಥಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಈ ನಿಯಮವನ್ನೇ ಪಾಲಿಸುತ್ತದೆ. ಅದಕ್ಕಿಂತ ತಣ್ಣಗಾದರೆ ಕುಗ್ಗುವ ಬದಲು ಹಿಗ್ಗತೊಡಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಇದರಿಂದಲೇ. ಸರೋವರದ ಮೇಲ್ಭಾಗ ಗಟ್ಟಿಯಾದರೂ ಅಡಿಯಲ್ಲಿ ಮೀನುಗಳು ಬದುಕಿರುವುದಕ್ಕೆ ಕಾರಣವೂ ಇದೇ. ಜಲಚರಗಳನ್ನು ಕಾಯುವ ಈ ಗುಣವೇ ಮನೆಯ ಕೊಳವೆಗಳಿಗೆ ಕಂಟಕವಾಗುತ್ತದೆ. ಗಾಜಿನ ಸೀಸೆಯಲ್ಲಿ ನೀರನ್ನು ಅಂಚಿನವರೆಗೆ ತುಂಬಿ, ಬಿರಡೆ ಹಾಕಿ, ಶೀತಕಪೆಟ್ಟಿಗೆಯ ಹಿಮಖಾನೆಯಲ್ಲಿ ಮರೆತುಬಿಟ್ಟವರು ಬೆಳಗ್ಗೆ ಸೀಸೆ ಸೀಳಿರುವುದನ್ನು ಕಂಡಿರುತ್ತಾರೆ.

ನೀರು ಥಟ್ಟನೆ ಮಂಜುಗಡ್ಡೆಯಾಗುವುದಿಲ್ಲವೆಂಬುದು ಸಮಾಧಾನದ ಸಂಗತಿ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಸೊನ್ನೆ ಡಿಗ್ರಿಗೆ ತರಲು ಅದರಿಂದ 20 ಕಿಲೋ ಕ್ಯಾಲೊರಿ ಶಾಖ ಹೊರಹೋದರೆ ಸಾಕು. ಅದೇ ಸೊನ್ನೆ ಡಿಗ್ರಿಯ ನೀರು ಸಂಪೂರ್ಣವಾಗಿ ಮಂಜುಗಡ್ಡೆಯಾಗಬೇಕಾದರೆ ಇನ್ನೂ ಸುಮಾರು 80 ಕಿಲೋ ಕ್ಯಾಲೊರಿ ಶಾಖ ಹೊರಹೋಗಬೇಕು. ಆದುದರಿಂದ ಹೆಪ್ಪುಗಟ್ಟುವಿಕೆಗೆ ಕಾಲಾವಕಾಶ ಬೇಕು. ಈ ಕಾಲಾವಕಾಶವನ್ನು ಹಿಗ್ಗಿಸುವುದೇ ಕೊಳವೆಗಳಿಗೆ ಹೊದಿಕೆ ಹೊದಿಸುವುದರ ಉದ್ದೇಶ.

ಕೊಳವೆ ಒಡೆಯುವುದು ಹೇಗೆ?

ಮಂಜುಗಡ್ಡೆ ಹಿಗ್ಗಿ, ತಾನಿರುವ ಜಾಗದಲ್ಲಿಯೇ ಕೊಳವೆಯನ್ನು ಸೀಳುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಅದು ಪೂರ್ಣ ಸತ್ಯವಲ್ಲ. ಕೊಳವೆಯ ಒಂದು ತಣ್ಣನೆಯ ಭಾಗದಲ್ಲಿ ಮೊದಲು ಮಂಜುಗಡ್ಡೆಯ ಬೆಣೆ ಕಟ್ಟಿಕೊಳ್ಳುತ್ತದೆ. ಅದು ಕೊಳವೆಯುದ್ದಕ್ಕೂ ಬೆಳೆಯುತ್ತಾ ಹೋದಂತೆ ಮುಂದಿರುವ ನೀರನ್ನು ತಳ್ಳುತ್ತದೆ. ಮುಂದೆ ನಲ್ಲಿ ಮುಚ್ಚಿದ್ದರೆ ಆ ನೀರಿಗೆ ಹೋಗಲು ದಾರಿಯಿಲ್ಲ. ಬೆಣೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತಲೇ ಹೋಗಿ, ಕೊಳವೆಯ ಅತ್ಯಂತ ದುರ್ಬಲ ಸ್ಥಳದಲ್ಲಿ ಬಿರುಕು ಬಿಡುತ್ತದೆ. ಆ ಸ್ಥಳದಲ್ಲಿ ಮಂಜುಗಡ್ಡೆ ಇಲ್ಲದೆಯೂ ಇರಬಹುದು. ಜಿ.ಐ. ಕೊಳವೆಗಳಲ್ಲಿ ಮರೆ ಕೊರೆದ ಜೋಡಣೆಗಳೂ, ಮೊಣಕೈ ತಿರುವುಗಳೂ, ಮೀಟರು ಮತ್ತು ನಲ್ಲಿಗಳ ಒಡಲೂ ಮೊದಲು ಸೋಲುತ್ತವೆ.

ಈ ಒತ್ತಡ ಅಲ್ಪವಾದುದಲ್ಲ. ಮನೆಯ ಕೊಳಾಯಿಯಲ್ಲಿ ಸಾಧಾರಣವಾಗಿ ವಾಯುಮಂಡಲದ ಒತ್ತಡದ ಎರಡು ಮೂರು ಪಟ್ಟು ಒತ್ತಡವಿರುತ್ತದೆ. ಎಲ್ಲ ಕಡೆಯಿಂದ ಬಂಧಿತವಾದ ನೀರು ಹೆಪ್ಪುಗಟ್ಟುವಾಗಲಾದರೋ ಉಷ್ಣತೆ ಒಂದೊಂದು ಡಿಗ್ರಿ ಕೆಳಗಿಳಿದಂತೆ ಸುಮಾರು 130 ಪಟ್ಟಿನಷ್ಟು ಒತ್ತಡ ಹುಟ್ಟಬಲ್ಲದು. ಇದನ್ನು ತಾಳಬಲ್ಲ ಗೃಹಬಳಕೆಯ ಕೊಳವೆ ಇಲ್ಲ. ಆದುದರಿಂದ ಗಟ್ಟಿ ಕೊಳವೆಯನ್ನು ಹಾಕಿಸುವುದು ಮಾತ್ರವೇ ಪರಿಹಾರವಾಗಲಾರದು. ಸಿಕ್ಕಿಬಿದ್ದ ನೀರಿಗೆ ದಾರಿ ಬಿಡುವುದು, ಇಲ್ಲವೇ ಕೊಳವೆಯಲ್ಲಿ ನೀರೇ ಇಲ್ಲದಂತೆ ಮಾಡುವುದು ನಿಜವಾದ ಪರಿಹಾರ. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ತತ್ತ್ವವನ್ನೇ ಆಧರಿಸಿವೆ.

ಇನ್ನೊಂದು ವಿಷಯ ಗಮನಾರ್ಹ. ಕೊಳವೆ ಒಡೆದ ರಾತ್ರಿ ಯಾರಿಗೂ ತಿಳಿಯುವುದಿಲ್ಲ. ಮಂಜುಗಡ್ಡೆಯೇ ಬಿರಡೆಯಂತೆ ನೀರನ್ನು ತಡೆದಿರುತ್ತದೆ. ಬಿಸಿಲೇರಿ ಅದು ಕರಗಿದಾಗ ಬಿರುಕಿನಿಂದ ನೀರು ನುಗ್ಗುತ್ತದೆ. ಮೂರು ಮಿಲಿಮೀಟರ್ ಅಗಲದ ಒಂದು ರಂಧ್ರವಿದ್ದು, ವಾಯುಮಂಡಲದ ಮೂರು ಪಟ್ಟು ಒತ್ತಡವಿದ್ದರೆ ದಿನವೊಂದಕ್ಕೆ ಸುಮಾರು 9,000 ಲೀಟರ್ ನೀರು ಹರಿದುಹೋಗುತ್ತದೆ. ಮನೆಯವರು ಊರಿನಲ್ಲಿ ಇಲ್ಲದಿದ್ದರೆ ಗೋಡೆ, ನೆಲ, ವಿದ್ಯುತ್ ತಂತಿ, ಹಾಸಿಗೆ, ಪುಸ್ತಕ ಎಲ್ಲವೂ ನೀರುಪಾಲು.

ಎಲ್ಲೆಲ್ಲಿ ಅಪಾಯ ಹೆಚ್ಚು?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಪರೀಕ್ಷೆಗಳ ಪ್ರಕಾರ, ಬಿಸಿಮಾಡದ ಜಾಗದಲ್ಲಿ ಹೊದಿಕೆಯಿಲ್ಲದೆ ಇರುವ ಕೊಳವೆಗಳಿಗೆ ಹೊರಗಿನ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿಳಿದಾಗ ಅಪಾಯ ಒದಗುತ್ತದೆ. ಬಯಲಿನ ಗಾಳಿಗೆ ನೇರವಾಗಿ ಒಡ್ಡಿಕೊಂಡ ಕೊಳವೆಗಳು ಇದಕ್ಕಿಂತ ಮೊದಲೇ ಹೆಪ್ಪುಗಟ್ಟಬಹುದು. ಬೀಸುಗಾಳಿಯು ಶಾಖವನ್ನು ಬೇಗನೆ ಕೊಂಡೊಯ್ಯುವುದೇ ಇದಕ್ಕೆ ಕಾರಣ.

ಮನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಸ್ಥಳಗಳು ಇವು: ಮಾಳಿಗೆಯ ಮೇಲಿನ ತೊಟ್ಟಿಯಿಂದ ಇಳಿಯುವ ಕೊಳವೆ, ಉತ್ತರ ದಿಕ್ಕಿನ ಹೊರಗೋಡೆಗೆ ಅಂಟಿಕೊಂಡು ಹೋಗುವ ಕೊಳವೆ, ಅಂಗಳದ ನಲ್ಲಿ, ನೀರಿನ ಮೀಟರು, ತೊಟ್ಟಿಯೊಳಗಿನ ತೇಲುಗುಂಡಿನ ಕವಾಟ, ಹೊರಗೋಡೆಗೆ ಹೊಂದಿಕೊಂಡ ಸ್ನಾನಗೃಹ. ಶಿಮ್ಲಾದಂತಹ ಗುಡ್ಡದ ಊರುಗಳಲ್ಲಿ ಇಳಿಜಾರಿನ ನೆಲದ ಮೇಲೆಯೇ ಕೊಳವೆಗಳು ಸಾಲಾಗಿ ಹಾದುಹೋಗಿರುವುದನ್ನು ಕಾಣಬಹುದು. ಇವು ಗಾಳಿಗೂ ಹಿಮಕ್ಕೂ ನೇರವಾಗಿ ಒಡ್ಡಿಕೊಂಡಿರುತ್ತವೆ.

ಚಳಿಗಾಲಕ್ಕೆ ಮೊದಲಿನ ಸಿದ್ಧತೆ

ಕಾಶ್ಮೀರದ ಜನರು ತಮ್ಮ ಚಳಿಗಾಲವನ್ನು ಮೂರು ಭಾಗ ಮಾಡಿದ್ದಾರೆ. ಡಿಸೆಂಬರ್ 21ರಿಂದ ಮೊದಲಾಗುವ 40 ದಿನಗಳ ಕಡು ಚಳಿಗೆ ‘ಚಿಲ್ಲಾಯ್ ಕಲಾನ್’ ಎಂದೂ, ಅದರ ಹಿಂದೆ ಬರುವ 20 ದಿನಗಳಿಗೆ ‘ಚಿಲ್ಲಾಯ್ ಖುರ್ದ್’ ಎಂದೂ, ಕೊನೆಯ 10 ದಿನಗಳಿಗೆ ‘ಚಿಲ್ಲಾಯ್ ಬಚ್ಚಾ’ ಎಂದೂ ಹೆಸರು. ಕೊಳಾಯಿಗಳ ರಕ್ಷಣೆಯ ಕೆಲಸವೆಲ್ಲ ಮೊದಲ ಭಾಗ ಕಾಲಿಡುವುದಕ್ಕೆ ಮುಂಚೆ, ಎಂದರೆ ನವೆಂಬರ್ ಅಂತ್ಯದೊಳಗೆ ಮುಗಿದಿರಬೇಕು.

ಮೊಟ್ಟಮೊದಲು ಮನೆಗೆ ನೀರು ಬರುವ ಮುಖ್ಯ ಕವಾಟ ಎಲ್ಲಿದೆ, ಅದು ಸುಲಭವಾಗಿ ತಿರುಗುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. ಮನೆಯ ಹಿರಿಯರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಅದನ್ನು ತೋರಿಸಿಕೊಡಬೇಕು. ಕೊಳವೆ ಒಡೆದಾಗ ಮೊದಲ ಐದು ನಿಮಿಷಗಳಲ್ಲಿ ಕವಾಟ ಮುಚ್ಚಬಲ್ಲವರು ಮನೆಯಲ್ಲಿದ್ದರೆ ನಷ್ಟ ಬಹಳಷ್ಟು ತಪ್ಪುತ್ತದೆ. ಬಾಡಿಗೆಯ ಮನೆಗೆ ಹೊಸದಾಗಿ ಬಂದವರು ಇದನ್ನು ಮನೆಯ ಯಜಮಾನರಿಂದ ಮೊದಲ ದಿನವೇ ಕೇಳಿ ತಿಳಿಯುವುದು ಲೇಸು.

ಎರಡನೆಯದಾಗಿ, ಬಯಲಿನಲ್ಲಿರುವ ಕೊಳವೆಗಳಿಗೆಲ್ಲ ಶಾಖ ನಿರೋಧಕ ಹೊದಿಕೆ ಹೊದಿಸಬೇಕು. ನೊರೆ ರಬ್ಬರಿನ ಇಲ್ಲವೇ ನೊರೆ ಪ್ಲಾಸ್ಟಿಕ್ಕಿನ ಸೀಳುಕೊಳವೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಕೊಳವೆಯ ಮೇಲೆ ಅವನ್ನು ತೊಡಿಸಿ, ಸೀಳನ್ನು ಪಟ್ಟಿಯಿಂದ ಭದ್ರವಾಗಿ ಮುಚ್ಚಬೇಕು. ಅವು ದೊರೆಯದ ಕಡೆ ಗೋಣಿತಟ್ಟು, ಹಳೆಯ ಕಂಬಳಿ, ಹುಲ್ಲಿನ ಹುರಿಗಳೂ ಉಪಯೋಗಕ್ಕೆ ಬರುತ್ತವೆ. ಶಾಖವನ್ನು ತಡೆಯುವುದು ವಾಸ್ತವವಾಗಿ ಹೊದಿಕೆಯ ಸಂದುಗಳಲ್ಲಿ ನಿಂತ ಗಾಳಿ. ಒದ್ದೆಯಾದ ಗೋಣಿಯಲ್ಲಿ ಗಾಳಿಯ ಜಾಗವನ್ನು ನೀರು ಆಕ್ರಮಿಸುವುದರಿಂದ ಅದು ಕೊಳವೆಯನ್ನು ಕಾಯುವ ಬದಲು ತಣ್ಣಗಾಗಿಸುತ್ತದೆ. ಆದಕಾರಣ ಗೋಣಿಯ ಮೇಲೆ ಪಾಲಿಥೀನ್ ಹಾಳೆಯನ್ನು ಸುತ್ತಿ ಬಿಗಿಯಾಗಿ ಕಟ್ಟತಕ್ಕದ್ದು. ತಿರುವು, ಕವಾಟ ಮತ್ತು ಜೋಡಣೆಗಳನ್ನು ಬಿಟ್ಟು ಉಳಿದ ಭಾಗಕ್ಕೆ ಮಾತ್ರ ಸುತ್ತಿದರೆ ಕೆಲಸ ಅರ್ಧವಾದಂತೆ, ಏಕೆಂದರೆ ಬೆಣೆ ಕಟ್ಟಲು ಒಂದು ಗೇಣು ಬತ್ತಲೆ ಜಾಗ ಸಾಕು.

ಹೊದಿಕೆಯ ಮಿತಿಯನ್ನೂ ಅರಿತಿರಬೇಕು. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊದ್ದವನ ಮೈಬಿಸಿಯನ್ನು ಕಾಯುತ್ತದೆ ಅಷ್ಟೆ. ಕೊಳವೆಯಲ್ಲಿ ನಿಂತ ನೀರಿಗೆ ಸ್ವಂತ ಬಿಸಿಯಿಲ್ಲ. ಒಂದು ರಾತ್ರಿಯ ಚಳಿಯನ್ನು ಹೊದಿಕೆ ದಾಟಿಸಬಹುದು. ಹಗಲೂ ಉಷ್ಣತೆ ಸೊನ್ನೆಯಿಂದ ಮೇಲೇರದ ವಾರಗಳಲ್ಲಿ ಹೊದಿಕೆಯೊಂದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ.

ಹೊಸದಾಗಿ ಮನೆ ಕಟ್ಟಿಸುವವರು ಕೊಳವೆಗಳನ್ನು ಹೊರಗೋಡೆಗಳಲ್ಲಿ ಹಾಯಿಸದೆ ಒಳಗೋಡೆಗಳಲ್ಲಿ, ಅಡುಗೆಮನೆಯ ಆಸುಪಾಸಿನಲ್ಲಿ ತರುವಂತೆ ನೋಡಿಕೊಳ್ಳಬೇಕು. ಹೊರಗಿನ ಕೊಳವೆಯನ್ನು ಆ ಊರಿನ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಬೇಕು. ಈ ಆಳ ಊರಿಂದೂರಿಗೆ ಬೇರೆಯಾದುದರಿಂದ ಸ್ಥಳೀಯ ಇಂಜಿನಿಯರರಿಂದ ತಿಳಿಯುವುದು ಅವಶ್ಯ. ಕೊಳವೆಗಳ ಪೈಕಿ ಎಚ್.ಡಿ.ಪಿ.ಇ. ಕೊಳವೆ ಸ್ವಲ್ಪ ಹಿಗ್ಗಬಲ್ಲುದಾದ್ದರಿಂದ ಚಳಿಯನ್ನು ಹೆಚ್ಚು ತಾಳುತ್ತದೆ. ಪಿ.ವಿ.ಸಿ. ಕೊಳವೆ ಚಳಿಯಲ್ಲಿ ಪೆಡಸಾಗಿ ಸಣ್ಣ ಪೆಟ್ಟಿಗೂ ಸೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೊಳವೆಗಳಿಗೆ ಒಂದೇ ಕಡೆಗೆ ಇಳಿಜಾರು ಕೊಟ್ಟು, ಅತ್ಯಂತ ತಗ್ಗಿನಲ್ಲಿ ನೀರು ಬಸಿಯುವ ನಲ್ಲಿಯೊಂದನ್ನು ಇರಿಸಬೇಕು. ಈ ಸಣ್ಣ ನಲ್ಲಿಯ ಖರ್ಚು ಅಲ್ಪ, ಉಪಕಾರ ಅಪಾರ.

ಸೌರ ಜಲತಾಪಕ ಇರುವವರು ಅದು ಶೀತಪ್ರದೇಶಕ್ಕೆ ತಕ್ಕುದೇ ಎಂಬುದನ್ನು ವಿಚಾರಿಸಬೇಕು. ಬಯಲುಸೀಮೆಯ ಸಾಮಾನ್ಯ ಫಲಕಗಳ ಸಣ್ಣ ತಾಮ್ರದ ನಾಳಗಳು ಮೊದಲ ಕಡು ಚಳಿಯಲ್ಲಿಯೇ ಸೀಳಬಹುದು. ಶೀತಪ್ರದೇಶಗಳಿಗಾಗಿ, ಹೆಪ್ಪುಗಟ್ಟದ ಬೇರೊಂದು ದ್ರವವು ಫಲಕದಲ್ಲಿ ಸುತ್ತಿ, ಬಿಸಿಯನ್ನು ಮಾತ್ರ ನೀರಿಗೆ ಒಪ್ಪಿಸುವ ಮಾದರಿಗಳಿವೆ.

ಕಡು ಚಳಿಯ ರಾತ್ರಿಗಳಲ್ಲಿ

ಹವಾಮಾನ ಇಲಾಖೆಯು ತೀವ್ರ ಶೀತದ ಮುನ್ಸೂಚನೆ ನೀಡಿದ ದಿನ ರಾತ್ರಿಗೂ ಬೆಳಗಿಗೂ ಬೇಕಾದಷ್ಟು ನೀರನ್ನು ಸಂಜೆಯೇ ಹಿಡಿದು ಅಡುಗೆಮನೆಯಲ್ಲಿ ಮುಚ್ಚಿಡಬೇಕು. ಬಳಿಕ ಎರಡು ಮಾರ್ಗಗಳಲ್ಲಿ ಒಂದನ್ನು ಅನುಸರಿಸಬಹುದು.

ಮೊದಲನೆಯದು ಕೊಳವೆಯನ್ನು ಬರಿದು ಮಾಡುವುದು. ಮುಖ್ಯ ಕವಾಟವನ್ನೂ ಮಾಳಿಗೆಯ ತೊಟ್ಟಿಯ ಕವಾಟವನ್ನೂ ಮುಚ್ಚಿ, ತಗ್ಗಿನ ನಲ್ಲಿಯನ್ನು ತೆರೆದು ನೀರೆಲ್ಲ ಬಸಿದುಹೋಗಲು ಬಿಡಬೇಕು. ಮೇಲಿನ ನಲ್ಲಿಯೊಂದನ್ನೂ ತೆರೆದಿಟ್ಟರೆ ಗಾಳಿ ಒಳಸೇರಿ ನೀರು ಪೂರ್ಣವಾಗಿ ಇಳಿಯುತ್ತದೆ. ಬರಿದಾದ ಕೊಳವೆಗೆ ಚಳಿಯ ಭಯವಿಲ್ಲ. ಇದು ಖಚಿತವಾದ ಮಾರ್ಗ. ಬಸಿದ ನೀರನ್ನು ಬಕೆಟ್ಟುಗಳಲ್ಲಿ ಹಿಡಿದಿಟ್ಟರೆ ವ್ಯರ್ಥವೂ ಆಗುವುದಿಲ್ಲ.

ಎರಡನೆಯದು ಕೊಳವೆಯ ತುದಿಯ ನಲ್ಲಿಯನ್ನು ದಾರದಂತೆ ಸಣ್ಣಗೆ ಹರಿಯಲು ಬಿಡುವುದು. ಹರಿಯುವ ನೀರು ಹೆಪ್ಪುಗಟ್ಟುವುದೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ಹೊಸ ನೀರು ನೆಲದೊಳಗಿನ ಅಲ್ಪಸ್ವಲ್ಪ ಬಿಸಿಯನ್ನು ತರುತ್ತಿರುತ್ತದೆ. ಬೆಣೆ ಕಟ್ಟಿದರೂ ನಲ್ಲಿ ತೆರೆದಿರುವುದರಿಂದ ಒತ್ತಡ ಏರದೆ ಕೊಳವೆ ಉಳಿಯುತ್ತದೆ. ನಿಮಿಷಕ್ಕೆ 100 ಮಿಲಿಲೀಟರಿನಂತೆ ಹತ್ತು ಗಂಟೆಗಳ ಕಾಲ ಹರಿದರೆ 60 ಲೀಟರ್ ನೀರಾಗುತ್ತದೆ. ನೀರಿನ ಅಭಾವವಿರುವ ಊರುಗಳಲ್ಲಿ ಮನೆಮನೆಯವರೂ ಹೀಗೆ ಮಾಡಿದರೆ ಸಾರ್ವಜನಿಕ ಪೂರೈಕೆಗೆ ಭಾರವಾಗುತ್ತದೆ. ಆದುದರಿಂದ ಕೊಳವೆಯನ್ನು ಬಸಿಯಲು ಅನುಕೂಲವಿಲ್ಲದವರು ಮಾತ್ರ ಈ ಮಾರ್ಗವನ್ನು ಹಿಡಿಯುವುದು ಉಚಿತ. ಹರಿಯುವ ನೀರಿಗೆ ಪಾತ್ರೆ ಒಡ್ಡಬೇಕು.

ಕೊಳವೆಗೆ ಸುತ್ತುವ ವಿದ್ಯುತ್ ಶಾಖಪಟ್ಟಿಗಳೂ ಬಳಕೆಯಲ್ಲಿವೆ. ಅವನ್ನು ಒಂದರ ಮೇಲೊಂದು ಬರುವಂತೆ ಸುತ್ತಬಾರದು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ರಕ್ಷಕ ಸ್ವಿಚ್ಚು ಇಲ್ಲದೆ ಬಳಸಲೂಬಾರದು. ಹಿಮ ಬಿದ್ದ ರಾತ್ರಿಯಲ್ಲಿಯೇ ವಿದ್ಯುತ್ತು ಹೋಗುವ ಸಂಭವ ಹೆಚ್ಚೆಂಬುದನ್ನೂ ಮರೆಯಬಾರದು.

ಮನೆ ಬಿಟ್ಟು ಊರಿಗೆ ಹೋಗುವಾಗ

ಚಳಿಗಾಲದ ರಜೆಯಲ್ಲಿ ಹುಟ್ಟೂರಿಗೆ ಹೊರಡುವ ಕುಟುಂಬಗಳು ಮುಖ್ಯ ಕವಾಟ ಮುಚ್ಚಿ, ತೊಟ್ಟಿ, ಕೊಳವೆ ಮತ್ತು ಶೌಚಾಲಯದ ನೀರುಪೆಟ್ಟಿಗೆಗಳನ್ನು ಪೂರ್ತಿ ಬರಿದು ಮಾಡಬೇಕು. ಗೀಸರಿನ ವಿದ್ಯುತ್ತನ್ನು ಮೊದಲು ಆರಿಸಿ, ನೀರು ತಣಿದ ಮೇಲೆ ಬಸಿಯಬೇಕು. ನೀರಿಲ್ಲದ ಗೀಸರನ್ನು ಎಂದಿಗೂ ಹೊತ್ತಿಸಬಾರದು. ಶೌಚಾಲಯದ ಪಿಂಗಾಣಿ ಬೋಗುಣಿಯ ಬಾಗಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಬೋಗುಣಿಯೇ ಸೀಳುತ್ತದೆ. ಅಲ್ಲಿಯ ನೀರನ್ನು ತೆಗೆದು, ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿದ ನೀರನ್ನು ಹಾಕಿದರೆ ಅದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದೆ ಉಳಿಯುತ್ತದೆ. ಮೋಟಾರು ವಾಹನಗಳಿಗೆ ಹಾಕುವ ಶೀತನಿರೋಧಕ ದ್ರವವು ವಿಷಕಾರಿ. ಕುಡಿಯುವ ನೀರಿನ ತೊಟ್ಟಿಗಾಗಲಿ ಕೊಳವೆಗಾಗಲಿ ಅದನ್ನು ಹಾಕತಕ್ಕದ್ದಲ್ಲ.

ಹೆಪ್ಪುಗಟ್ಟಿದ ಮೇಲೆ ಏನು ಮಾಡಬೇಕು?

ಬೆಳಗ್ಗೆ ನಲ್ಲಿ ತಿರುಗಿಸಿದಾಗ ನೀರು ಬಾರದಿದ್ದರೆ ಗಾಬರಿ ಬೇಡ. ನಲ್ಲಿಯನ್ನು ತೆರೆದೇ ಇಡಬೇಕು. ಕೊಳವೆಯುದ್ದಕ್ಕೂ ಕಣ್ಣಾಡಿಸಿ ಬಿರುಕು ಅಥವಾ ಉಬ್ಬು ಇದೆಯೇ ಎಂದು ನೋಡಬೇಕು. ಇದ್ದರೆ ಮುಖ್ಯ ಕವಾಟವನ್ನು ಮುಚ್ಚಿ ಕೊಳಾಯಿ ಕೆಲಸಗಾರರನ್ನು ಕರೆಸಬೇಕು. ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಿ ಕರಗಿಸಬಹುದು. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನೂ ಬಳಸಬಹುದು. ಅದನ್ನು ಒದ್ದೆ ಕೈಯಲ್ಲಿ ಹಿಡಿಯಬಾರದು, ನೀರು ನಿಂತ ಜಾಗದಲ್ಲಿ ಬಳಸಬಾರದು. ಕರಗಿಸುವ ಕೆಲಸ ನಲ್ಲಿಯ ಕಡೆಯಿಂದ ಆರಂಭವಾಗಿ ಹಿಂದಕ್ಕೆ ಸಾಗಬೇಕು. ಆಗ ಕರಗಿದ ನೀರಿಗೂ ಆವಿಗೂ ಹೊರಬರಲು ದಾರಿಯಿರುತ್ತದೆ. ಕುದಿಯುವ ನೀರನ್ನು ನೇರವಾಗಿ ಸುರಿದರೆ ಕೊಳವೆ ಬಿರಿಯಬಹುದು. ಕೆಲಸ ಮುಗಿಯುವವರೆಗೆ ಒಬ್ಬರು ಮುಖ್ಯ ಕವಾಟದ ಬಳಿ ಇರುವುದು ಒಳ್ಳೆಯದು.

ಪ್ರಾಣಕ್ಕೆ ಸಂಬಂಧಿಸಿದ ಮೂರು ಎಚ್ಚರಿಕೆಗಳು

ಕೊಳವೆ ಒಡೆದರೆ ಹೊಸದನ್ನು ಹಾಕಿಸಬಹುದು. ಅದನ್ನು ಉಳಿಸುವ ಆತುರದಲ್ಲಿ ಜೀವಕ್ಕೆ ಅಪಾಯ ತಂದುಕೊಳ್ಳಬಾರದು.

ಒಂದು: ಕೊಳವೆಯನ್ನು ಊದುದೀಪ, ಪಂಜು ಅಥವಾ ಉರಿಯುವ ಕಾಗದದಿಂದ ಕಾಯಿಸಬಾರದು. ಗೋಡೆಯೊಳಗಿನ ಮರಕ್ಕೆ ಬೆಂಕಿ ತಗಲುವುದಲ್ಲದೆ, ಎರಡು ಬೆಣೆಗಳ ನಡುವೆ ಹುಟ್ಟಿದ ಆವಿಯಿಂದ ಕೊಳವೆಯೇ ಸಿಡಿಯಬಹುದು.

ಎರಡು: ಸ್ನಾನಗೃಹವನ್ನು ಬೆಚ್ಚಗಿಡಲೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇರಿಸಿ ಬಾಗಿಲು ಕಿಟಕಿಗಳನ್ನು ಮುಚ್ಚಬಾರದು. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೊರಸೂಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುತ್ತಿರುವವರು ಎಚ್ಚರಗೊಳ್ಳದೆಯೇ ಸಾವಿಗೆ ಈಡಾಗಬಹುದು.

ಮೂರು: ಕಾಶ್ಮೀರದ ಮನೆಗಳ ಹಮಾಮಿನಲ್ಲಿ ಕಲ್ಲುಹಾಸಿನ ಕೆಳಗೆ ಸೌದೆ ಉರಿಸುವುದರಿಂದ ಕೋಣೆಯೂ ತಾಮ್ರದ ತೊಟ್ಟಿಯ ನೀರೂ ಬಿಸಿಯಾಗುತ್ತವೆ. ತೊಟ್ಟಿಗೆ ನೀರು ಬರುವ ಮತ್ತು ಆವಿ ಹೋಗುವ ಕೊಳವೆಗಳು ಹೆಪ್ಪುಗಟ್ಟಿರುವಾಗ ಬೆಂಕಿ ಹಾಕಿದರೆ ಆವಿಗೆ ದಾರಿಯಿಲ್ಲದೆ ತೊಟ್ಟಿ ಸಿಡಿಯುತ್ತದೆ. ನೀರು ಕಾಯಿಸುವ ಒಲೆಗಳಿಗೂ ಗೀಸರುಗಳಿಗೂ ಈ ಮಾತು ಅನ್ವಯಿಸುತ್ತದೆ. ನಲ್ಲಿ ತೆರೆದು ನೀರು ಸರಾಗವಾಗಿ ಬರುವುದನ್ನು ಕಂಡ ಬಳಿಕವೇ ಬೆಂಕಿ ಹೊತ್ತಿಸತಕ್ಕದ್ದು.

ಲಡಾಖಿನ ಜನರ ವಿವೇಕ

ಕೊಳಾಯಿಗಳು ಬರುವ ಮುನ್ನ ಲಡಾಖಿನ ಜನರು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಹೊಳೆ ಅಥವಾ ಬುಗ್ಗೆಯಿಂದ ತಂದ ನೀರನ್ನು ಒಲೆಯಿರುವ ಅಡುಗೆಮನೆಯಲ್ಲಿ ಪಾತ್ರೆಗಳಲ್ಲಿ ತುಂಬಿಡುತ್ತಿದ್ದರು. ಚಳಿಗಾಲದಲ್ಲಿ ಮನೆಮಂದಿಯ ವಾಸವೂ ಅಲ್ಲಿಯೇ. ಅವರ ಸಾಂಪ್ರದಾಯಿಕ ಶೌಚಾಲಯಕ್ಕೆ ನೀರೇ ಬೇಡ. ಮಣ್ಣು ಮತ್ತು ಬೂದಿ ಹಾಕಿ, ಕಾಲಕ್ರಮದಲ್ಲಿ ದೊರೆಯುವ ಗೊಬ್ಬರವನ್ನು ಹೊಲಕ್ಕೆ ಬಳಸುತ್ತಾರೆ. ಹೆಪ್ಪುಗಟ್ಟಲು ಕೊಳವೆಯಿಲ್ಲದ ಮನೆಯಲ್ಲಿ ಒಡೆಯುವ ಭಯವೂ ಇರಲಿಲ್ಲ.

2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಅಲ್ಲಿನ ಮನೆಗಳಿಗೂ ನಲ್ಲಿಯ ನೀರನ್ನು ಒದಗಿಸುವ ಕಾರ್ಯ ನಡೆದಿದೆ. ಬೆನ್ನ ಮೇಲೆ ನೀರು ಹೊರುತ್ತಿದ್ದ ಮಹಿಳೆಯರ ಶ್ರಮವನ್ನು ನೆನೆದರೆ ಇದು ಸ್ವಾಗತಾರ್ಹವಾದ ಬದಲಾವಣೆ. ಆದರೆ ಆಳದಲ್ಲಿ ಹೂಳಿದ, ಹೊದಿಕೆ ಹೊದಿಸಿದ ಸಾರ್ವಜನಿಕ ಕೊಳವೆಯು ಮನೆಯ ಬಾಗಿಲವರೆಗೆ ಮಾತ್ರ ನೀರನ್ನು ಕಾಪಾಡಿ ತರಬಲ್ಲದು. ಅಲ್ಲಿಂದ ಮುಂದೆ, ನಲ್ಲಿಯವರೆಗಿನ ಕೆಲವೇ ಮೀಟರುಗಳ ರಕ್ಷಣೆ ಗೃಹಸ್ಥರ ಹೊಣೆ.

ಈ ಹೊಣೆಯ ನಿರ್ವಹಣೆಗೆ ಹೆಚ್ಚಿನ ವೆಚ್ಚವಾಗಲಿ ವಿಶೇಷ ವಿದ್ಯೆಯಾಗಲಿ ಬೇಕಿಲ್ಲ. ನವೆಂಬರಿನಲ್ಲಿ ಒಂದು ದಿನದ ಶ್ರಮ, ಸಂಜೆ ಕವಾಟ ತಿರುಗಿಸಿ ನೀರು ಬಸಿಯುವ ಐದು ನಿಮಿಷಗಳ ಅಭ್ಯಾಸ, ಬೆಂಕಿ ಹೊತ್ತಿಸುವ ಮುನ್ನ ನಲ್ಲಿಯನ್ನು ತೆರೆದುನೋಡುವ ಎಚ್ಚರ ಇಷ್ಟಿದ್ದರೆ ಸಾಕು. ನೆರೆಮನೆಯಲ್ಲಿ ವೃದ್ಧರೋ ಒಂಟಿಯಾಗಿರುವವರೋ ಇದ್ದರೆ ಅವರ ಕವಾಟವನ್ನೂ ನೋಡಿಕೊಳ್ಳುವುದು ಒಳ್ಳೆಯ ನೆರೆಹೊರೆಯ ಲಕ್ಷಣ. ಹೊಸದಾಗಿ ಬೆಟ್ಟದ ಊರಿಗೆ ಬಂದವರು ಅಲ್ಲಿಯ ಹಿರಿಯರನ್ನು ಕೇಳಿ ನಡೆದುಕೊಳ್ಳುವುದು ಎಲ್ಲಕ್ಕಿಂತ ಉತ್ತಮವಾದ ರಕ್ಷಣೆ.